ವಯಸ್ಸಾದ ಕಾರೆಲ್ಲ ಕ್ಲಾಸಿಕ್ ಅಲ್ಲ

ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿರುವ ಕಾರಿಗೆ ಮೂವತ್ತು ವರ್ಷ ತುಂಬಿದರೆ ಅದು ತಾನಾಗಿಯೇ ಕ್ಲಾಸಿಕ್ ಆಗಿಬಿಡುತ್ತದೆ ಎಂಬುದು ಬಹಳ ಜನರ ನಂಬಿಕೆ. ಇದು ಪೂರ್ತಿ ನಿರಾಧಾರವೂ ಅಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 30 ವರ್ಷದ ಗಡಿ ಹಾಕಿಕೊಂಡಿದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯ ವಿನಾಯಿತಿ ಸಿಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ 25 ವರ್ಷ ಸಾಕು. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ ವಾಹನ ಮಾತ್ರ ವಿಂಟೇಜ್. ಹಾಗಾದರೆ 1984ರ ಮಾರುತಿ 800 ಫಿವಾದ ವಯಸ್ಸಿನ ಲೆಕ್ಕದಲ್ಲಿ ಎಂದೋ ತೇರ್ಗಡೆಯಾಗಿದೆ, ನಮ್ಮ ಆರ್‌ಟಿಒ ಲೆಕ್ಕದಲ್ಲಿ 2034ರವರೆಗೆ ಕಾಯಬೇಕು. ಕಾರು ಅದೇ, ಬದಲಾದದ್ದು ಅಳತೆಗೋಲು. ಕಾನೂನಿನಲ್ಲೇ ವ್ಯಾಖ್ಯಾನ ಇದೆಯಲ್ಲ, ಇನ್ನೇನು ಚರ್ಚೆ ಎಂದು ಕೇಳುವವರಿಗೆ ಇದೇ ಉತ್ತರ: ಈ ಗಡಿಗಳು ಹುಟ್ಟಿದ್ದು ತೆರಿಗೆ ಮತ್ತು ನೋಂದಣಿಯ ಅನುಕೂಲಕ್ಕೆ. ನಮ್ಮಲ್ಲಿ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟು ಹತ್ತು ವರ್ಷಕ್ಕೆ ಸಿಗುತ್ತದೆ. ಆಮೇಲೆ ಆ ಕಾರನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಒಯ್ಯಬಹುದೇ ಹೊರತು ದಿನಾ ಆಫೀಸಿಗೆ ಓಡಿಸುವಂತಿಲ್ಲ. ಫಿವಾ ಕೂಡ ವಯಸ್ಸೊಂದನ್ನೇ ನೋಡುವುದಿಲ್ಲ. ಕಾರು ಚರಿತ್ರೆಗೆ ಹೊಂದುವ ಸ್ಥಿತಿಯಲ್ಲಿ ಇರಬೇಕು, ನಿತ್ಯದ ಓಡಾಟಕ್ಕೆ ಬಳಕೆಯಾಗುತ್ತಿರಬಾರದು ಎಂಬ ಷರತ್ತುಗಳೂ ಅದರ ವ್ಯಾಖ್ಯಾನದಲ್ಲಿವೆ.

ವಯಸ್ಸಲ್ಲದಿದ್ದರೆ ಅಪರೂಪವೇ ಮಾನದಂಡ ಎನ್ನುವವರಿದ್ದಾರೆ. ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ ಇದೇ ದಾರಿ ಹಿಡಿದು, 1915ರಿಂದ 1948ರವರೆಗಿನ, ಕಡಿಮೆ ಸಂಖ್ಯೆಯಲ್ಲಿ ತಯಾರಾದ ದುಬಾರಿ ಕಾರುಗಳನ್ನಷ್ಟೇ ಪಟ್ಟಿಗೆ ಸೇರಿಸಿಕೊಂಡಿತು. ಹೀಗಾಗಿ ಜನಸಾಮಾನ್ಯರಿಗೆ ಕಾರು ಕೊಟ್ಟ ಫೋರ್ಡ್ ಮಾಡೆಲ್ ಟಿ ಅದರಲ್ಲಿಲ್ಲ! ಶ್ರೀಮಂತರ ಗ್ಯಾರೇಜನ್ನೇ ಇತಿಹಾಸ ಅಂದುಕೊಂಡರೆ ಹೀಗೇ ಆಗುವುದು. ಮಾಡೆಲ್ ಟಿ ಒಂದೂವರೆ ಕೋಟಿ, ಫೋಕ್ಸ್‌ವ್ಯಾಗನ್ ಬೀಟಲ್ ಎರಡು ಕೋಟಿಗೂ ಹೆಚ್ಚು ತಯಾರಾದವು. ಇವೆರಡೂ ಕ್ಲಾಸಿಕ್ ಅಲ್ಲವೆಂದರೆ ಯಾರೂ ಒಪ್ಪಲಾರರು. ಇನ್ನು ಬೆಂಗಳೂರಿನಲ್ಲೇ ತಯಾರಾದ ‘ಬಾದಲ್’ ನೋಡಿ. 1970ರ ದಶಕದ ಮೂರು ಚಕ್ರದ, ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರು ಅದು. ಅದೇ ಸಂಸ್ಥೆ 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ ‘ಡಾಲ್ಫಿನ್’ ತಂದಿತು. ಮಾರುತಿ ಬಂದ ಮೇಲೆ ಡಾಲ್ಫಿನ್ ಕೇಳುವವರು ಕಡಿಮೆಯಾದರು. ಇಂದು ಬಾದಲ್ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಕೊಳ್ಳುವವರಿಲ್ಲದೆ ವಿರಳವಾದದ್ದನ್ನು ಹಿರಿಮೆ ಎನ್ನಲಾದೀತೆ? ಅದರ ಬೆಲೆ ಇರುವುದು ಬೇರೆಡೆ: ಕಾರಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಲೈಸೆನ್ಸ್ ರಾಜ್ ಕಾಲದಲ್ಲಿ ಅಗ್ಗದ ಕಾರೊಂದನ್ನು ಬೆಂಗಳೂರು ಹೇಗೆ ಕಲ್ಪಿಸಿಕೊಂಡಿತ್ತು ಎಂಬುದಕ್ಕೆ ಅದೊಂದು ಪುರಾವೆ. ಈ ಪುರಾವೆಯ ಗುಣವೇ ಕ್ಲಾಸಿಕ್ಕಿನ ತಿರುಳು ಎಂಬುದು ನನ್ನ ವಾದ. ತನ್ನ ಕಾಲದ ತಂತ್ರಜ್ಞಾನ, ಅಭಿರುಚಿ, ಕೊರತೆಗಳನ್ನು ನೋಡಿದವರಿಗೆ ಓದಲು ಬರುವಂತೆ ಉಳಿಸಿಕೊಂಡ ಕಾರು ಕ್ಲಾಸಿಕ್. ವಯಸ್ಸು, ಸಂಖ್ಯೆ, ಬೆಲೆ ಆಮೇಲಿನ ಮಾತು.

ಪುರಾವೆಯೆಂದರೆ ಒಂದು ಬೋಲ್ಟೂ ಬದಲಾಗಿರಬಾರದು, ಅಲ್ಲವೇ? ಈ ಪ್ರಶ್ನೆ ಲಂಡನ್ನಿನ ಹೈಕೋರ್ಟಿನವರೆಗೂ ಹೋಗಿತ್ತು. 1929 ಮತ್ತು 1930ರ ಲೆ ಮಾನ್ ಓಟಗಳನ್ನು ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆ, ಇದು ಅಸಲಿ ಕಾರಲ್ಲ ಎಂದು ಹಿಂದೆ ಸರಿಯಿತು. ಅದರ ಆಕ್ಷೇಪಕ್ಕೂ ಅರ್ಥವಿತ್ತು. 1929ರಲ್ಲಿ ಓಡಿದ ಕಾರಿನ ಬಿಡಿಭಾಗಗಳಲ್ಲಿ ಉಳಿದಿದ್ದವು ಅತ್ಯಲ್ಪ, ಎಂಜಿನ್ನು ಮತ್ತು ಬಾಡಿ ಎರಡೂ ಬದಲಾಗಿದ್ದವು. ಆದರೂ 1990ರಲ್ಲಿ ನ್ಯಾಯಾಧೀಶ ಒಟ್ಟನ್ ಅದನ್ನು ಅಸಲಿ ಎಂದೇ ತೀರ್ಪಿತ್ತರು. ಕಾರು ಹಂತಹಂತವಾಗಿ ಮಾರ್ಪಟ್ಟಿದ್ದರೂ ಅದರ ಅಸ್ತಿತ್ವ ನಡುವೆ ಎಲ್ಲೂ ಕಡಿದುಹೋಗಿರಲಿಲ್ಲ ಎಂಬುದು ಅಲ್ಲಿ ನಿರ್ಣಾಯಕವಾಯಿತು. ಹಾಗೆಂದು ಗುಜರಿಯಿಂದ ತಂದ ಚಾಸಿಗೆ ಹೊಸ ಬಾಡಿ ಕೂರಿಸಿ 1930ರ ಕಾರೆಂದು ಮಾರಲು ಈ ತೀರ್ಪು ಪರವಾನಗಿಯಲ್ಲ, ಅಲ್ಲಿ ಮುಂದುವರಿದು ಬಂದ ಚರಿತ್ರೆಯೇ ಇರುವುದಿಲ್ಲ. ನಮ್ಮ ನಿಯಮ ಈ ಸೂಕ್ಷ್ಮಕ್ಕೆ ಜಾಗ ಕೊಟ್ಟಿಲ್ಲ. ಚಾಸಿ, ಬಾಡಿ, ಎಂಜಿನ್ನನ್ನು ಗಣನೀಯವಾಗಿ ಬದಲಿಸಿರಬಾರದು ಎಂದಷ್ಟೇ ಹೇಳುತ್ತದೆ. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಅಂಬಾಸಿಡರ್, ಜೀಪುಗಳ ಬಾನೆಟ್ಟಿನೊಳಗೆ ಡೀಸೆಲ್ ಎಂಜಿನ್ ಬಂದು ಕೂತಿತು. ಆ ಕಾಲದಲ್ಲೇ ಆದ ಇಂಥ ಬದಲಾವಣೆ ಕಲಬೆರಕೆಯಲ್ಲ, ಅದೂ ಆ ಕಾಲದ ದಾಖಲೆಯೇ. ಕಳೆದ ವರ್ಷ ಹಾಕಿಸಿದ ಅಲಾಯ್ ಚಕ್ರಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಇದೆಲ್ಲ ಬರೀ ಹಳೆಯ ನೆನಪಿನ ಮೋಹ ಎನ್ನಬಹುದು. ಮೋಹಕ್ಕೆ ಎಲ್ಲ ಅಂಬಾಸಿಡರೂ ಒಂದೇ, ಪುರಾವೆ ಹುಡುಕುವವನಿಗೆ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಆ ವಿನ್ಯಾಸ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಲೇ ಇತ್ತು. ಹಳೆಯ ಗಾಡಿಯಲ್ಲಿ ಗೇರಿನ ಹಿಡಿ ಸ್ಟಿಯರಿಂಗ್ ಕಂಬದ ಮೇಲಿದೆ, ಮುಂದಿನದು ಉದ್ದನೆಯ ಒಂದೇ ಸೀಟು. ಡ್ರೈವರ್ ಪಕ್ಕ ಇಬ್ಬರು ಒತ್ತಿಕೊಂಡು ಕೂರುತ್ತಿದ್ದುದು ಇದರಿಂದಲೇ. ಇಸುಜು ಎಂಜಿನ್ ಬಂದ ಮಾದರಿಯಲ್ಲಿ ಗೇರು ನೆಲಕ್ಕಿಳಿಯಿತು. ಮೊದಲನೆಯದು ಕ್ಲಾಸಿಕ್. ಎರಡನೆಯದು ಸದ್ಯಕ್ಕೆ, ನನ್ನ ದೃಷ್ಟಿಯಲ್ಲಿ, ಚೆನ್ನಾಗಿ ಉಳಿದ ಹಳೆಯ ಕಾರು. ನಿಮ್ಮ ಮನೆಯಲ್ಲೂ ಅಂಥದ್ದೊಂದು ನಿಂತಿದ್ದರೆ ಪೇಂಟ್ ಹೊಡೆಸುವ ಮೊದಲು ಹಳೆಯ ಆರ್‌ಸಿ ಪುಸ್ತಕ, ಸರ್ವಿಸ್ ಬಿಲ್ಲುಗಳು ಎಲ್ಲಿವೆ ಎಂದು ಹುಡುಕಿ. ಮೆಕ್ಯಾನಿಕ್ ಬಿಚ್ಚಿ ಪಕ್ಕಕ್ಕಿಟ್ಟ ಮೂಲ ಕಾರ್ಬ್ಯುರೇಟರ್ ಮೂಲೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ.