ಒಣಗಿದ ಕಲ್ಲು ಹೇಳುವ ಸುಳ್ಳು

ಚಿನ್ನ ಹುಡುಕುವವರ ಕಲ್ಲಿಗೆ ಅಷ್ಟೇನೂ ಉಪಚಾರ ಬೇಕಿಲ್ಲ. ಹಟ್ಟಿಯಂಥ ಗಣಿಗಳಲ್ಲಿ ವಜ್ರದ ಹಲ್ಲಿನ ಡ್ರಿಲ್ಲಿನಿಂದ ತೆಗೆದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಆಳ ಬರೆದು, ಶೆಡ್ಡಿನಲ್ಲಿಟ್ಟರೆ ಸಾಕು. ಹತ್ತು ವರ್ಷ ಬಿಟ್ಟು ತೆಗೆದರೂ ಅದರೊಳಗಿನ ಚಿನ್ನ ಎಲ್ಲಿಗೂ ಹೋಗಿರುವುದಿಲ್ಲ. ಎಣ್ಣೆಬಾವಿಯ ಕಲ್ಲಿನ ವಿಷಯ ಹಾಗಲ್ಲ. ಅಲ್ಲಿ ಕಲ್ಲಿನಷ್ಟೇ ಮುಖ್ಯವಾದದ್ದು ಅದರ ಕಣಗಳ ಸಂದುಗಳಲ್ಲಿ ಕೂತಿರುವ ಎಣ್ಣೆ, ಉಪ್ಪುನೀರು ಮತ್ತು ಜೇಡಿ. ಕಲ್ಲು ಹೊರಗಾಳಿಗೆ ಬಂದ ಕೂಡಲೇ ಇವು ಬದಲಾಗತೊಡಗುತ್ತವೆ.

ಸಾಮಾನ್ಯ ಡ್ರಿಲ್ ಬಿಟ್ ಕಲ್ಲನ್ನು ಚೂರುಚೂರು ಮಾಡುತ್ತದೆ. ಇಡಿಯಾಗಿ ಕಲ್ಲು ಬೇಕೆಂದರೆ ನಡುವೆ ತೂತಿರುವ, ಉಂಗುರದಾಕಾರದ ಬಿಟ್ ಹಾಕುತ್ತಾರೆ. ಅದು ಸುತ್ತ ಕೊರೆಯುತ್ತ ಇಳಿದಂತೆ ನಡುವಿನ ಕಲ್ಲು ಮೇಲಿನ ಒಳಗೊಳವೆಗೆ ಏರುತ್ತದೆ. ಇದೇ ಕೋರ್. ಸಾಮಾನ್ಯವಾಗಿ 10 ಸೆಂಟಿಮೀಟರ್ ದಪ್ಪ, ಒಂದು ಕೊಳವೆಗೆ ಸುಮಾರು 9 ಮೀಟರ್ ಉದ್ದ. ಮೂರು ಕಿಲೋಮೀಟರ್ ಆಳದಲ್ಲಿ ದ್ರವದ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 300 ಪಟ್ಟು. ಕೋರ್ ಮೇಲೇರಿದಂತೆ ಆ ಒತ್ತಡ ಇಳಿಯುತ್ತದೆ, ಎಣ್ಣೆಯಲ್ಲಿ ಕರಗಿದ್ದ ಅನಿಲ ಹಿಗ್ಗುತ್ತದೆ, ಹಿಗ್ಗುತ್ತ ಎಣ್ಣೆಯನ್ನೂ ಹೊರದೂಡುತ್ತದೆ. ಅವಸರ ಮಾಡಿದರೆ ಮೆದುಗಲ್ಲು ಒಳಗಿಂದಲೇ ಬಿರಿಯುತ್ತದೆ. ಹಾಗಾಗಿ ಕೊನೆಯ ಕೆಲವು ನೂರು ಮೀಟರ್‌ಗಳನ್ನು ನಿಧಾನವಾಗಿ, ತಡೆತಡೆದು ಏರಿಸುತ್ತಾರೆ.

ರಿಗ್‌ನ, ಅಂದರೆ ಬಾವಿ ಕೊರೆಯುವ ಅಟ್ಟಣೆಯ ಮೇಲೆ ಮೊದಲ ಕೆಲಸ ಗೆರೆ ಎಳೆಯುವುದು. ಕೊಳವೆಯ ಉದ್ದಕ್ಕೂ ಒಂದು ಕೆಂಪು, ಒಂದು ಕಪ್ಪು. ಮೇಲ್ತುದಿ ಮೇಲಿರುವಂತೆ ನಿಲ್ಲಿಸಿದರೆ ಕೆಂಪು ಬಲಕ್ಕೆ ಬರಬೇಕು. ಯಾವ ತುದಿ ಭೂಮಿಯಲ್ಲಿ ಮೇಲಿತ್ತೆಂದು ಇನ್ನು ಯಾರೂ ಜಗಳವಾಡುವಂತಿಲ್ಲ. ಮೆದು ಕಲ್ಲಾದರೆ ಕೊಳವೆಯ ಸಮೇತ ಒಂದು ಮೀಟರಿಗಿಂತ ತುಸು ಕಡಿಮೆ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ ರಬ್ಬರ್ ಟೋಪಿ ಹಾಕಿ ಬಿಗಿಯುತ್ತಾರೆ. ಗಟ್ಟಿ ಕಲ್ಲಿನ ತುಂಡನ್ನು ಒರೆಸುತ್ತಾರೆಯೇ ಹೊರತು ತೊಳೆಯುವುದಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಆಮೇಲೆ ಕರಗಿದ ಮೇಣದಲ್ಲಿ ಮುಳುಗು. ಪ್ಲಾಸ್ಟಿಕ್ ಇಲ್ಲದಿದ್ದರೆ ಮೇಣ ಕಲ್ಲಿಗೇ ಇಳಿದೀತು. ಬರೀ ಪ್ಲಾಸ್ಟಿಕ್ ಇದ್ದರೆ ಆಮ್ಲಜನಕ ನಿಧಾನವಾಗಿ ನುಸುಳೀತು. ಕೈಯಲ್ಲಿ ಉದುರುವ ಮರಳನ್ನು ಡ್ರೈ ಐಸ್ ಇಟ್ಟು ಹೆಪ್ಪುಗಟ್ಟಿಸುವುದೂ ಉಂಟು. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುವುದರಿಂದ ಕಣಗಳೇ ಜರುಗುತ್ತವೆ ಎಂದು ಈ ಪದ್ಧತಿಗೆ ಆಕ್ಷೇಪವೂ ಇದೆ. ನನಗೆ ಆ ಆಕ್ಷೇಪ ಸರಿಯೆನಿಸುತ್ತದೆ, ಆದರೆ ಉದುರಿಹೋದ ಮರಳಿನಿಂದ ಯಾರಿಗೂ ಪ್ರಯೋಜನವಿಲ್ಲ ಎನ್ನುವುದೂ ಅಷ್ಟೇ ಸರಿ.

ಇಷ್ಟೆಲ್ಲ ಸುತ್ತಿ ಕಟ್ಟುವುದು ಯಾಕೆ ಎನ್ನುವವರಿಗೆ ಉತ್ತರ ಸಮುದ್ರದ ಮ್ಯಾಗ್ನಸ್ ತೈಲಕ್ಷೇತ್ರವನ್ನು ತೋರಿಸಬೇಕು. ಶೆಟ್ಲೆಂಡ್ ದ್ವೀಪಗಳ ಈಶಾನ್ಯಕ್ಕಿರುವ ಇದು ಬಿಪಿ ಕಂಪನಿಗೆ ಸಿಕ್ಕಿದ್ದು 1974ರಲ್ಲಿ. ಎಣ್ಣೆ ಬರತೊಡಗಿದ್ದು 1983ರಲ್ಲಿ. ಅಲ್ಲಿನ ಮರಳುಗಲ್ಲಿನಲ್ಲಿ ಇಲ್ಲೈಟ್ ಎಂಬ ಜೇಡಿ ಇದೆ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಎಣ್ಣೆಯವರಲ್ಲ, ಅಬರ್ಡೀನಿನ ಮೆಕಾಲೆ ಮಣ್ಣು ಸಂಶೋಧನಾ ಸಂಸ್ಥೆಯವರು: ಮೆಕ್‌ಹಾರ್ಡಿ, ವಿಲ್ಸನ್, ಟೇಟ್. 1982ರ ಅವರ ಪ್ರಬಂಧದ ಪ್ರಕಾರ ಈ ಜೇಡಿ ಅತಿ ಸಪೂರ ಎಳೆಗಳಾಗಿ ಕಣಗಳ ನಡುವಿನ ಸಂದಿನಲ್ಲಿ ಹರಡಿಕೊಂಡಿರುತ್ತದೆ. ಕೆರೆಯಲ್ಲಿ ಮುಳುಗಿದಾಗ ಬಿಚ್ಚಿ ಹರಡುವ ತಲೆಗೂದಲು ಮೇಲೆದ್ದೊಡನೆ ತಲೆಗೆ ಅಂಟಿಕೊಳ್ಳುತ್ತದಲ್ಲ, ಇದೂ ಹಾಗೇ. ಕಲ್ಲು ಗಾಳಿಯಲ್ಲಿ ಒಣಗುವಾಗ ಹಿಂದೆ ಸರಿಯುವ ನೀರಿನ ಮೇಲ್ಮೈ ಎಳೆಗಳನ್ನು ಎಳೆದು ಕಣದ ಮೈಗೆ ಮೆತ್ತಿಬಿಡುತ್ತದೆ. ಮುಚ್ಚಿದ್ದ ದಾರಿ ತೆರೆದುಕೊಳ್ಳುತ್ತದೆ.

ಇಂಥ ಕಲ್ಲಿನ ಪಾರಗಮ್ಯತೆ, ಅಂದರೆ ಅದರ ಮೂಲಕ ದ್ರವ ಎಷ್ಟು ಸಲೀಸಾಗಿ ಹರಿದೀತು ಎಂಬುದನ್ನು ಅಳೆದರೆ ನಿಜಕ್ಕಿಂತ ಹಲವು ಪಟ್ಟು ಹೆಚ್ಚು ಬರಬಹುದು. ಲೆಕ್ಕದಲ್ಲಿ ಬಾವಿ ಧಾರಾಳ, ಸಮುದ್ರದಲ್ಲಿ ಜಿಪುಣ. ಕೆಟ್ಟ ಸಂಖ್ಯೆ ಬಂದರೆ ಯಾರಾದರೂ ಮತ್ತೆ ಅಳೆಯುತ್ತಾರೆ. ಖುಷಿ ಕೊಡುವ ಸಂಖ್ಯೆಯನ್ನು ಪ್ರಶ್ನಿಸುವವರು ಕಡಿಮೆ.

ಎಳೆ ಕೂರದಂತೆ ಒಣಗಿಸುವ ಉಪಾಯವಿದೆ. ಸಂದಿನ ನೀರನ್ನು ಮೊದಲು ಮೆಥನಾಲ್‌ನಿಂದ, ಅದನ್ನು ಮತ್ತೆ ದ್ರವರೂಪದ ಇಂಗಾಲದ ಡೈಆಕ್ಸೈಡ್‌ನಿಂದ ಬದಲಿಸಿ, ಮುಚ್ಚಿದ ಪಾತ್ರೆಯಲ್ಲಿ 31 ಡಿಗ್ರಿ ಸೆಲ್ಸಿಯಸ್ ಮತ್ತು 73 ವಾತಾವರಣ ಒತ್ತಡ ದಾಟಿಸುತ್ತಾರೆ. ಅಲ್ಲಿಂದಾಚೆ ದ್ರವ, ಅನಿಲ ಎಂಬ ಭೇದವೇ ಇಲ್ಲ; ಎಳೆಯನ್ನು ಜಗ್ಗುವ ಮೇಲ್ಮೈಯೂ ಇಲ್ಲ. ಆದರೆ ಇದು ಫಲಿಸುವುದು ಕಲ್ಲು ಬಾವಿಯಿಂದ ಪ್ರಯೋಗಾಲಯದವರೆಗೆ ಒಮ್ಮೆಯೂ ಒಣಗಿರದಿದ್ದರೆ ಮಾತ್ರ. ರಿಗ್‌ನಲ್ಲಿ ಟೋಪಿ ಸಡಿಲ ಬಿಗಿದವನ ತಪ್ಪನ್ನು ಯಾವ ಯಂತ್ರವೂ ತಿದ್ದಲಾರದು.

ಬೇರೆ ಕಲ್ಲುಗಳಲ್ಲಿ ತಪ್ಪು ಉಲ್ಟಾ ದಿಕ್ಕಿಗೂ ಹೋಗುತ್ತದೆ. ಉಪ್ಪುನೀರು ಆರಿದಲ್ಲಿ ಉಪ್ಪಿನ ಹರಳು ಉಳಿದು ದಾರಿ ಕಟ್ಟುತ್ತದೆ. ಗಾಳಿ ತಾಕಿದ ಎಣ್ಣೆಯ ಭಾರದ ಅಂಶಗಳು ಕಣದ ಮೈಗೆ ಅಂಟಿದರೆ ನೀರಿಗೆ ಒಗ್ಗುತ್ತಿದ್ದ ಕಲ್ಲು ಎಣ್ಣೆಗೆ ಒಗ್ಗುವಂತಾಗುತ್ತದೆ; ಆಗ ನೀರು ನೂಕಿ ಎಣ್ಣೆ ತೆಗೆಯುವ ಲೆಕ್ಕವೇ ಬುಡಮೇಲು. ಈ ಗುಣ ಅಳೆಯಬೇಕಾದ ತುಂಡುಗಳನ್ನು ಆಮ್ಲಜನಕ ತೆಗೆದ ಉಪ್ಪುನೀರಿನಲ್ಲಿ ಮುಳುಗಿಸಿಯೇ ಇಡುವುದುಂಟು.

ಇಂಗ್ಲೆಂಡಿನ ಕೀವರ್ತ್‌ನಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆಯ ಉಗ್ರಾಣದಲ್ಲಿ ಉತ್ತರ ಸಮುದ್ರದ ಕೋರ್‌ಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಇವೆ. ಪದರ, ಪಳೆಯುಳಿಕೆ, ಕಣದ ಗಾತ್ರ ನೋಡಲು ಅವು ಇಂದಿಗೂ ಚಿನ್ನದಂಥವೇ. ಬರಿದಾದ ತೈಲಕ್ಷೇತ್ರಗಳಿಗೆ ಇಂಗಾಲದ ಡೈಆಕ್ಸೈಡ್ ತುಂಬಿಡಬಹುದೇ ಎಂದು ಈಗ ಲೆಕ್ಕ ಹಾಕುತ್ತಿರುವವರೂ ಹಳೆಯ ಕೋರ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇಲ್ಲೈಟ್ ತುಂಬಿದ ಒಣಗಲ್ಲಿನಿಂದ ಹರಿವಿನ ಲೆಕ್ಕ ಬೇಕೆಂದರೆ ಮಾತ್ರ ಅದು ಅಲ್ಲಿ ಸಿಗುವುದಿಲ್ಲ. ಅದಕ್ಕೆ ಹೊಸ ಬಾವಿಯನ್ನೇ ಕೊರೆಯಬೇಕು.