ಎ ಎದುರಿಗೆ ಟಿ ಬಂದರೆ ಸಾಲದು

ತಪ್ಪು ಕಲ್ಪನೆ: ಎ ಅಕ್ಷರ ಟಿಯನ್ನೇ, ಜಿ ಅಕ್ಷರ ಸಿಯನ್ನೇ ಕೂಡುತ್ತದೆ, ಹಾಗಾಗಿ ಡಿಎನ್‌ಎ ನಕಲು ತಾನಾಗಿಯೇ ನಿಖರ.

ಸತ್ಯ: ಪಾಠದ ಚಿತ್ರಗಳು ಬಿತ್ತಿದ ನಂಬಿಕೆ ಇದು. ಈ ಜೋಡಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧ ತೀರಾ ದುರ್ಬಲ. ಜಿ ಒಮ್ಮೊಮ್ಮೆ ಟಿಯ ಜೊತೆಗೂ ಹೊಂದಿಕೊಂಡುಬಿಡುತ್ತದೆ. ಬಂಧವನ್ನಷ್ಟೇ ನೆಚ್ಚಿದ್ದರೆ ಸುಮಾರು ನೂರು ಅಕ್ಷರಕ್ಕೊಂದು ತಪ್ಪಾಗುತ್ತಿತ್ತು. ನಮ್ಮ ಒಂದು ಕೋಶ ಎರಡಾಗಬೇಕಾದರೆ ನಕಲಾಗಬೇಕಾದ್ದು 600 ಕೋಟಿ ಅಕ್ಷರಜೋಡಿ!

ನಿಜವಾದ ಆಯ್ಕೆ ನಡೆಯುವುದು ಪಾಲಿಮರೇಸ್ ಎಂಬ ಕಿಣ್ವದ ಒಡಲಲ್ಲಿ. ಅದು ನೋಡುವುದು ಮುಖ್ಯವಾಗಿ ಜೋಡಿಯ ಆಕಾರವನ್ನು. ರಸಾಯನಶಾಸ್ತ್ರಜ್ಞ ಎರಿಕ್ ಕೂಲ್ ಅವರ ತಂಡ 1997ರಲ್ಲಿ ಟಿಯದೇ ಆಕಾರದ, ಆದರೆ ಹೈಡ್ರೋಜನ್ ಬಂಧ ಹೆಣೆಯಲು ಬಹುತೇಕ ಬಾರದ ಕೃತಕ ಅಕ್ಷರವೊಂದನ್ನು ಮುಂದಿಟ್ಟಿತು. ಕಿಣ್ವ ಅದನ್ನೂ ಎ ಎದುರಿಗೇ ಕೂರಿಸಿತು. ಈ ಪ್ರಯೋಗಕ್ಕೆ ಪಠ್ಯಗಳಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಆಕಾರ ನೋಡಿ ಆರಿಸಿದರೆ ತಪ್ಪು ಲಕ್ಷಕ್ಕೊಂದಕ್ಕೆ ಇಳಿಯುತ್ತದೆ. ಆದರೂ ಪ್ರತಿ ವಿಭಜನೆಗೆ ಹತ್ತಾರು ಸಾವಿರ ತಪ್ಪು ಉಳಿಯುತ್ತವೆ. ತಪ್ಪು ಅಕ್ಷರ ಕೂತಾಗ ಡಿಎನ್‌ಎಯ ಹೊಸ ಎಳೆಯ ತುದಿ ಸರಿಯಾಗಿ ಹೊಂದದೆ ಕಿಣ್ವ ತಡವರಿಸುತ್ತದೆ. ತುದಿ ಅದೇ ಕಿಣ್ವದ ಇನ್ನೊಂದು ಮಗ್ಗುಲಿಗೆ ಜಾರಿ ಅಲ್ಲಿ ಕತ್ತರಿಸಿಹೋಗುತ್ತದೆ. ಈಗ ತಪ್ಪು ಕೋಟಿಗೊಂದು.

ಅದನ್ನೂ ದಾಟಿ ಬಂದದ್ದನ್ನು ಇನ್ನೊಂದು ದುರಸ್ತಿ ಪಡೆ ಹುಡುಕುತ್ತದೆ. ಅದಕ್ಕೊಂದು ಪೇಚು: ಹೊಂದದ ಎರಡು ಅಕ್ಷರಗಳಲ್ಲಿ ತಪ್ಪು ಯಾವುದು? ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಹಳೆಯ ಎಳೆಯ ಮೇಲೆ ಮೀಥೈಲ್ ಗುರುತುಗಳಿರುತ್ತವೆ, ಹೊಸದಕ್ಕೆ ಅವು ಬೀಳಲು ಕೆಲ ನಿಮಿಷ ಬೇಕು. ಆ ಸಂದಿಯಲ್ಲೇ ತಿದ್ದುಪಡಿ. ಇದನ್ನು ಬಿಡಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ನಮ್ಮ ಕೋಶಗಳಲ್ಲಿ ಮೀಥೈಲ್ ಗುರುತಿನ ಉಪಾಯವಿಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದ ಸೀಳುಗಳೇ ಸುಳಿವು. ಕೊನೆಗೆ ಉಳಿಯುವುದು ನೂರು ಕೋಟಿಗೊಂದು ಅಥವಾ ಅದಕ್ಕೂ ಕಡಿಮೆ.

ತಪ್ಪು ಕಲ್ಪನೆ: ನಕಲು ಒಂದು ತುದಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ.

ಸತ್ಯ: ನಮ್ಮ ಪಾಲಿಮರೇಸ್ ಓಡುವುದು ಸೆಕೆಂಡಿಗೆ ಸುಮಾರು 50 ಅಕ್ಷರ. ಹಾಗೆ ಸಾಗಿದರೆ ಒಂದೇ ಕ್ರೋಮೋಸೋಮಿಗೆ ವಾರಗಳೇ ಬೇಕು. ಹತ್ತಾರು ಸಾವಿರ ಕಡೆಗಳಲ್ಲಿ ಕೆಲಸ ಶುರುವಾಗುವುದರಿಂದಲೇ ಎಂಟು ಗಂಟೆಯ ಹೊತ್ತಿಗೆ ಮುಗಿಯುತ್ತದೆ.

ತಪ್ಪು ಕಲ್ಪನೆ: ರೂಪಾಂತರಗಳೆಲ್ಲ ವಿಕಿರಣ, ತಂಬಾಕು, ರಾಸಾಯನಿಕಗಳಿಂದಲೇ.

ಸತ್ಯ: ತಂಬಾಕಿನ ಅಪರಾಧವೇನೂ ಕಡಿಮೆಯಲ್ಲ. ಆದರೆ ನಕಲಿನಲ್ಲಿ ಉಳಿದ ತಪ್ಪುಗಳೂ ರೂಪಾಂತರಗಳೇ: ತಂದೆತಾಯಿಯಲ್ಲಿಲ್ಲದ ಹತ್ತಾರು ಹೊಸ ಬದಲಾವಣೆಗಳು ಪ್ರತಿ ಮಗುವಿನಲ್ಲೂ ಇರುತ್ತವೆ, ಬಹುತೇಕ ನಿರುಪದ್ರವಿ. ದುರಸ್ತಿ ಪಡೆಯ ಜೀನ್ ಒಂದು ಕೆಟ್ಟು ವಂಶದಲ್ಲಿ ಇಳಿದುಬಂದರೆ ಮಾತ್ರ ಕತೆ ಬೇರೆ: ಅದೇ ಲಿಂಚ್ ಸಿಂಡ್ರೋಮ್. ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್ ಅಪಾಯ ಏರುವುದರಿಂದ ಅಂಥ ಕುಟುಂಬದವರಿಗೆ ವೈದ್ಯರು ಎಳೆಯ ವಯಸ್ಸಿನಿಂದಲೇ ಕೊಲೊನೋಸ್ಕೋಪಿ ಸೂಚಿಸುತ್ತಾರೆ.