ಗಣಕಯಂತ್ರಕ್ಕೂ ಬೇಕು ಮಳೆಲೆಕ್ಕದ ಪುಸ್ತಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಮಳೆಮಾಪಕವೂ ಮಳೆಲೆಕ್ಕದ ಪುಸ್ತಕವೂ ಅಪರೂಪವಲ್ಲ. ಅಡಿಕೆಗೆ ಕೊಳೆರೋಗ ತಗುಲಿದಾಗ ಕಾರಣ ಹುಡುಕಲು ನೆರವಾಗುವುದು ಆ ಪುಸ್ತಕವೇ: ಬೋರ್ಡೋ ದ್ರಾವಣ ಸಿಂಪಡಿಸಿದ್ದು ಎಂದು, ಆಮೇಲೆ ಎಷ್ಟು ದಿನ ಬಿಡದೆ ಮಳೆ ಸುರಿಯಿತು? ಲೆಕ್ಕ ಬರೆದಿಡದಿದ್ದರೆ ಉಳಿಯುವುದು ಊಹೆ ಮಾತ್ರ.

ಗಣಕಯಂತ್ರಗಳ ಕಥೆಯೂ ಇದೇ. ಪಹಣಿ, ಬ್ಯಾಂಕ್ ವ್ಯವಹಾರ, ಮೊಬೈಲ್ ಪಾವತಿ ಎಲ್ಲವೂ ಇಂದು ದೂರದ ಸರ್ವರ್‌ಗಳನ್ನು ನೆಚ್ಚಿವೆ. 'ಸರ್ವರ್ ಡೌನ್' ಎಂಬ ಎರಡು ಪದ ಹಳ್ಳಿಯಿಂದ ಬಸ್ಸು ಹಿಡಿದು ಬಂದವರ ಒಂದು ದಿನವನ್ನೇ ನುಂಗಬಲ್ಲದು. ಅದು ಏಕೆ ಕೆಟ್ಟಿತು ಎಂಬುದು ತಿಳಿಯದಿದ್ದರೆ ನಾಳೆಯೂ ಕೆಡುತ್ತದೆ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಘಟನೆಗಳನ್ನು ದಾಖಲಿಸುವ 'ಸಿಸ್‌ಲಾಗ್' ಪದ್ಧತಿಯನ್ನು 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್ಮನ್ ರೂಪಿಸಿದರು. ಆದರೆ ಲಾಗ್‌ನಲ್ಲಿ ಸಿಗುವುದು ತಂತ್ರಾಂಶ ಬರೆದವರು ಮೊದಲೇ ಊಹಿಸಿದ್ದ ಸಂಗತಿಗಳು ಮಾತ್ರ. ಊಹಿಸದ ದೋಷವನ್ನು ಹಿಡಿಯಲು, ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಅದರ ಒಳಗೆ ಇಣುಕಬೇಕು.

ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ 'ಕೆಪ್ರೋಬ್ಸ್' ಸೌಲಭ್ಯದ ಮೊದಲ ರೂಪವನ್ನು 2002ರಲ್ಲಿ ಬರೆದವರು ಐಬಿಎಂ ಸಂಸ್ಥೆಯ ಭಾರತ ವಿಭಾಗದ ವಂಶಿ ಕೃಷ್ಣ. ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಮುಂತಾದವರು ಅದನ್ನು ಬೆಳೆಸಿದರು. ಐಬಿಎಂನ ಬೆಂಗಳೂರು ಕೇಂದ್ರದ ಪಾಲು ಇದರಲ್ಲಿ ದೊಡ್ಡದು. 2004ರಲ್ಲಿ ಅದು ಲಿನಕ್ಸ್ 2.6.9 ಆವೃತ್ತಿಯನ್ನು ಸೇರಿತು. ಇದರ ಉಪಾಯ ಸರಳ. ಪರೀಕ್ಷಿಸಬೇಕಾದ ಜಾಗದ ಆದೇಶವನ್ನು ಎತ್ತಿಟ್ಟು, ಅಲ್ಲಿ 'ಇಲ್ಲಿ ತಡೆ' ಎಂಬ ಗುರುತನ್ನು ಕೂರಿಸಲಾಗುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದೊಡನೆ ಬೇಕಾದ ವಿವರ ದಾಖಲಾಗುತ್ತದೆ. ಬಳಿಕ ಎತ್ತಿಟ್ಟ ಆದೇಶ ನಡೆದು ಕೆಲಸ ಮುಂದುವರಿಯುತ್ತದೆ. ಯಂತ್ರವನ್ನು ಮರುಚಾಲನೆ ಮಾಡಬೇಕಿಲ್ಲ.

ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಕುಸಿದರೆ? ಆಗ ಲಾಗ್ ಬರೆಯಬೇಕಾದವನೇ ಇಲ್ಲದಂತಾಗುತ್ತದೆ. 2005ರ 2.6.13 ಆವೃತ್ತಿಯಲ್ಲಿ ಬಂದ 'ಕೆಡಂಪ್' ಇದಕ್ಕೆ ಉತ್ತರ. ಐಬಿಎಂನ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಇದರ ಪ್ರಮುಖ ಕರ್ತೃಗಳಲ್ಲಿ ಸೇರಿದ್ದಾರೆ. ಸ್ಮೃತಿಕೋಶದ ಒಂದು ಮೂಲೆಯನ್ನು ಎರಡನೆಯ ಕರ್ನೆಲ್‌ಗಾಗಿ ಮೊದಲೇ ಕಾದಿರಿಸಲಾಗುತ್ತದೆ. ಮೊದಲನೆಯದು ಕುಸಿದೊಡನೆ ಎರಡನೆಯದು ಎದ್ದು, ಸತ್ತ ಕರ್ನೆಲ್‌ನ ಸ್ಮೃತಿಯನ್ನು ಡಿಸ್ಕ್‌ಗೆ ನಕಲು ಮಾಡುತ್ತದೆ. ಇದು ಒಂದು ಬಗೆಯ ಮರಣೋತ್ತರ ಪರೀಕ್ಷೆ.

ಕೆಪ್ರೋಬ್ಸ್‌ಗೂ ಒಂದು ಮಿತಿಯಿತ್ತು: ತನಿಖೆಗೆಂದು ಬರೆದ ತುಣುಕಿನಲ್ಲೇ ತಪ್ಪಿದ್ದರೆ ಇಡೀ ಯಂತ್ರ ಕುಸಿಯಬಹುದಿತ್ತು. 2015ರಿಂದ ಇದಕ್ಕೆ ಇಬಿಪಿಎಫ್ ಜೊತೆಯಾಗಿದೆ. ಆ ಮಾರ್ಗದಲ್ಲಿ ಬರುವ ತುಣುಕನ್ನು ಕರ್ನೆಲ್ ಮೊದಲು ಪರಿಶೀಲಿಸುತ್ತದೆ. ಸುರಕ್ಷಿತವೆಂದು ಕಂಡರೆ ಮಾತ್ರ ಓಡಲು ಬಿಡುತ್ತದೆ.

ಆದರೂ ಈ ಸಾಧನಗಳು ದೋಷವನ್ನು ತೋರಿಸುತ್ತವೆಯೇ ಹೊರತು ತಿದ್ದುವುದಿಲ್ಲ. ಕೆಡಂಪ್‌ಗೆ ಜಾಗ ಕಾದಿರಿಸದಿದ್ದರೆ, ಲಾಗ್ ಓದುವವರಿಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ. ಮಳೆ ನಿಂತ ಮೇಲೆ ಮಳೆಲೆಕ್ಕ ಬರೆಯಲಾಗದು ಎಂಬುದು ಮಲೆನಾಡಿನ ಬೆಳೆಗಾರರಿಗೆ ಗೊತ್ತು. ಸರ್ವರ್ ನಡೆಸುವವರಿಗೂ ಗೊತ್ತಿರಬೇಕಾದ ಮಾತು ಅದೇ.